ಒಂದೂವರೆ ಸುತ್ತು

ಕೈಲ್‌ಪೊಳ್ದಿನ ಹಿಂದಿನ ಸಂಜೆ ಸಾಹುಕಾರರ ಫೋನು:
"ರೈಟ್ರೇ, ನಾಳೆ ಅಮ್ಮತ್ತಿ ಮೈದಾನಕ್ಕೆ ನಮ್ಮ ತೂಕದ ಕಾಂಟಾ ಹೋಗಲಿ.
ಹೆಂಗಸರ ಹಗ್ಗಜಗ್ಗಾಟ, ತೂಗಿಯೇ ಇಳಿಸಬೇಕಂತೆ.
ಸ್ವಲ್ಪ ಸರಿ ಮಾಡಿಡಿ."
ಸರಿ ಮಾಡುವುದೆಂದರೆ ಏನೆಂದು
ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಹನ್ನೊಂದು ಕುಯ್ಲು ಕಳೆದಿವೆ
ಆ ಒಂದು ಮಾತು ನಮ್ಮಿಬ್ಬರ ನಡುವೆ ಬಾಯಿಗೆ ಬಾರದೆ.

ಗೋದಾಮಿನಲ್ಲಿ ಟಾರ್ಚು ಹಲ್ಲಿಗೆ ಕಚ್ಚಿಕೊಂಡು
ದಂಡಿಗೆಯ ತುದಿಯ ತಿರುಪನ್ನು ಬಲಕ್ಕೆ ತಿರುಗಿಸಿದೆ,
ಒಂದೂವರೆ ಸುತ್ತು.
ಕಳೆದುಹೋಗಿದ್ದ ಎರಡು ಕಿಲೋ ಎಲ್ಲಿಂದಲೋ ಬಂದು
ಹಲಗೆಯ ಮೇಲೆ ಕೂತಿತು.

ತಂಡಕ್ಕೆ ಎಂಟು ಜನ. ಎಲ್ಲ ಸೇರಿ
ನಾನೂರ ಎಂಬತ್ತು ಕಿಲೋ ಮೀರಬಾರದು.
ಒಳ್ಳೆಯ ನಿಯಮವೇ. ಪೂವಮ್ಮನ ತಂಡದಲ್ಲಿ
ನಲವತ್ತಮೂರು ಕಿಲೋದ ನರ್ಸರಿ ಟೀಚರೊಬ್ಬಳಿದ್ದಳು,
ಲೇಸಿಗೆ ಎರಡೆರಡು ಗಂಟು ಬಿಗಿದು
ಉಗುರು ಕಚ್ಚುತ್ತ ಹಗ್ಗವನ್ನೇ ನೋಡುತ್ತಿದ್ದಳು.
ನಿಯಮವಿಲ್ಲದಿದ್ದರೆ ಅವಳ ಪಾಲಿಗೆ
ಯಾವತ್ತೂ ಬರೀ ಚಪ್ಪಾಳೆ.

ನಮ್ಮ ಲೈನಿನವರು ಬರಿಗಾಲಲ್ಲಿ ಬಂದರು.
ಮೂಟೆ ಇಳಿಸುವ ಹಲಗೆಯ ಮೇಲೆ
ತಾವೇ ಹತ್ತಿ ನಿಲ್ಲಲು ನಾಚಿ ತೋಳಿ ನಕ್ಕಳು,
ದಂಡಿಗೆ ಕುಣಿಯಿತು. "ನಗಬೇಡವೇ" ಎಂದೆ.
ಕೊನೆಗೆ ಬೊಳಕಿ. ಎಪ್ಪತ್ತೊಂದು.
ಒಟ್ಟು ನಾನೂರ ಎಂಬತ್ತನಾಲ್ಕು.

ತಿರುಪು ಮುಟ್ಟದೆ ಬಿಟ್ಟಿದ್ದರೆ
ನಾನೂರ ಅರವತ್ತೆಂಟು.
ಆ ಲೆಕ್ಕ ಮಾಡಿದವನು
ಮೈದಾನದಲ್ಲಿ ನಾನೊಬ್ಬನೇ.

ಅಷ್ಟರಲ್ಲಿ ಶಾಮಿಯಾನದೊಳಗಿಂದ ಯಾರೋ:
"ಅದು ಹೆಂಗಸೇನಾ? ಭುಜ ನೋಡಿ, ಮೀಸೆ ನೋಡಿ.
ಆಧಾರ್ ತೋರಿಸಲಿ."
ಬೊಳಕಿ ಪ್ಲಾಸ್ಟಿಕ್ ಕವರು ಬಿಚ್ಚಿ ಕೊಟ್ಟಳು.
ಆಧಾರಿನ ಫೋಟೋದಲ್ಲಿ ಯಾರು ತಾನೇ
ಗಂಡಸು, ಯಾರು ಹೆಂಗಸು?
ಕಾರ್ಡು ಮೂರು ಕೈ ದಾಟಿತು.
ನಾಲ್ಕನೆಯ ಕೈ ಪೂವಮ್ಮನದು.
ಅದನ್ನು ನೋಡದೆಯೇ ಮಡಿಸಿ ಹಿಂದಕ್ಕೆ ಕೊಟ್ಟಳು.
"ತೊಂಬತ್ತೊಂದರ ಹಾಕಿ ಕ್ಯಾಂಪಿನಲ್ಲಿ
ನನ್ನನ್ನೂ ಪರದೆಯ ಹಿಂದೆ ಕರೆದಿದ್ದರು.
ಅದು ಬೇಡ. ತೂಕ ಮಾತ್ರ ಮಾತಾಡಿ."

ತೂಕ ಮಾತಾಡಿತು.
ಬಳೆ ಬಿಚ್ಚಿದರು, ಎಲೆಯಡಿಕೆ ಚೀಲ ಬಿಚ್ಚಿದರು,
ಮಳೆ ಕುಡಿದ ಸೆರಗು ಹಿಂಡಿದರು,
ತೋಳಿ ಎರಡು ಸಲ ಉಗಿದು ಬಂದಳು.
ಎಲ್ಲ ಸೇರಿ ಇಳಿದದ್ದು ಒಂದೂಕಾಲು ಕಿಲೋ.
ಪೂವಮ್ಮ ತಲೆಯಾಡಿಸಿದಳು. ಸಿಟ್ಟಿರಲಿಲ್ಲ ಅವಳಲ್ಲಿ.
"ಎಂಬತ್ತೆಂದರೆ ಎಂಬತ್ತೇ ಅಲ್ವಾ ರೈಟ್ರೇ?"
ಹೌದೆಂದೆ. ನನ್ನ ಬಾಯಲ್ಲೇ ಹೌದೆಂದೆ.

ಯಾರೂ ಹೇಳುವ ಮೊದಲೇ ಬೊಳಕಿ ಸಾಲು ಬಿಟ್ಟಳು.
ಅವಳ ಜಾಗಕ್ಕೆ ಅಕ್ಕನ ಮಗಳು, ನಲವತ್ತಾರು.
ಎರಡು ಒಂದರಲ್ಲಿ ಸೋತರು.
ಕೊನೆಯ ಎಳೆತದಲ್ಲಿ ಟೀಚರಮ್ಮ ಕೆಸರಲ್ಲಿ ಬಿದ್ದೂ
ಹಗ್ಗ ಬಿಡಲಿಲ್ಲ, ಅದನ್ನೂ ಹೇಳಬೇಕು.

ಕಾಂಟಾ ಜೀಪಿಗೆ ಏರಿಸುವಾಗ ಬೊಳಕಿ ಬಂದು
ನನ್ನ ರುಜು ಇದ್ದ ಚೀಟಿ ಕೇಳಿದಳು.
"ಯಾಕೆ?"
"ಇರಲಿ. ನನ್ನನ್ನ ಯಾರೂ ತೂಗಿರಲಿಲ್ಲ."
ಆ ರಾತ್ರಿ ಎಡಕ್ಕೆ
ಒಂದೂವರೆ ಸುತ್ತು.

ಡಿಸೆಂಬರ್. ಕುಯ್ಲಿನ ಮೂರನೆಯ ದಿನ, ಮಬ್ಬು ಹೊತ್ತು.
ಮೂಟೆಗಳ ಸಾಲು, ಹಣ್ಣಿನ ಹುಳಿ ವಾಸನೆ,
ಕಿಲೋಗೆ ಇಷ್ಟೆಂದು ಕೂಲಿ.
ಬೊಳಕಿ ತನ್ನ ಮೂಟೆಯನ್ನು ಪಕ್ಕಕ್ಕಿಟ್ಟು
ಹಲಗೆಯ ಮೇಲೆ ತಾನು ಹತ್ತಿ ನಿಂತಳು.
"ಮೊದಲು ನನ್ನ ನೋಡಿ."

ದಂಡಿಗೆ ತೂಗಾಡಿ ನಿಂತಿತು. ಅರವತ್ತೊಂಬತ್ತು.
ಅವಳು ಚೀಟಿ ಬಿಡಿಸಿ ನನ್ನ ಪುಸ್ತಕದ ಮೇಲಿಟ್ಟಳು,
ಮಡಿಕೆ ಬಿದ್ದ ನನ್ನ ರುಜು.

"ಸೊರಗಿದ್ದೀಯ" ಎಂದೆ.

ಅವಳು ಇಳಿಯಲಿಲ್ಲ.
ಹಿಂದೆ ತೋಳಿ ತನ್ನ ಮೂಟೆ ನೆಲಕ್ಕಿಳಿಸಿ
ಎಲೆಯಡಿಕೆ ಚೀಲ ಬಿಚ್ಚತೊಡಗಿದಳು,
ಅವಳ ಹಿಂದೆ ಸರಸು, ಅವಳ ಹಿಂದೆ ಅಕ್ಕನ ಮಗಳು.
ಗೇಟಿನ ಬಳಿ ಸಾಹುಕಾರರ ಜೀಪಿನ ಬೆಳಕು ತಿರುಗಿತು.
ಹೆಬ್ಬೆರಳ ಕೆಳಗೆ ತಿರುಪು
ತಣ್ಣಗಿತ್ತು.