ಸೊನ್ನೆಯ ಹೊಟ್ಟೆ

ಮೊದಲ ದಿನ ಮರ್ದಾನಸಾಬ ನನ್ನಿಂದ ಅಕ್ಷರ ಬರೆಸಲಿಲ್ಲ,
ತೆಗೆಸಿದ.
ಎಣ್ಣೆಡಬ್ಬಿ ಬಿಚ್ಚಿ, ಬಡಿದು ಮಟ್ಟಸ ಮಾಡಿದ ತಗಡು,
ಅದರ ಮೇಲೆ ಸೀಮೆಸುಣ್ಣದ ಗ,
ನನ್ನ ಕೈಗೊಂದು ಚಾಣ.
"ಬರಿಯೋದು ಸಾಲಿಯಾಗ ಕಲ್ತೀದಿ.
ಇಲ್ಲಿ ಅಕ್ಷರ ಇದ್ದಲ್ಲಿ ತಗಡು ಇರಬಾರ್ದು.
ಅಷ್ಟ."

ಕಂಪ್ಲಿ ರಸ್ತೆಯ ಅಕ್ಕಿ ಮಿಲ್ಲುಗಳಿಗೆ
ಮಾರ್ಕಾ ತಗಡು ನಮ್ಮ ಅಂಗಡಿಯದೇ.
ನವಿಲು, ಜೋಡಿ ಗಿಳಿ,
ಒಬ್ಬ ಸಾಹುಕಾರ ಹಟ ಹಿಡಿದು ಮಾಡಿಸಿದ ಮೊಸಳೆ.
ಶಾಮಿಯಾನದವರ ಕುರ್ಚಿಯ ಬೆನ್ನಿಗೆ,
ಸಾಲಿಯ ಬೆಂಚಿಗೆ ಸತ್ತವರ ಹೆಸರು,
ಕಾಲುವೆ ತೂಬಿಗೆ ನಂಬರು.
ಒಮ್ಮೆ ಕೊರೆದರೆ ಸಾವಿರ ಸಲ ಅದೇ ಮಾತು.
ಬ್ರಷ್ಷು ಹಿಡಿದವರಿಗೆ ಓದು ಬರಲೇಬೇಕಂತಿಲ್ಲ.

ಕಟ್ಟಿಮನಿ ಬ್ರದರ್ಸ್ ಪಾಲಾದ ವರ್ಷ
ಹೊಸ ತಗಡಿಗೆ ರೊಕ್ಕ ಬಿಚ್ಚಲಿಲ್ಲ ಅಣ್ಣ.
ಔಷಧಿ ಅಂಗಡಿಯ ಪ್ಲಾಸ್ಟರು ತಂದು
ಬ್ರದರ್ಸ್ ಮೇಲೆ ಮೆತ್ತಿದ.
ನಲವತ್ತು ಚೀಲ ಸುಮ್ಮನಿತ್ತು.
ಆಮೇಲೆ ಬಣ್ಣ ಕುಡಿದು ನೆನೆದ ಪ್ಲಾಸ್ಟರಿನಿಂದ
ತಮ್ಮಂದಿರು ಮಸುಕಾಗಿ
ಒಬ್ಬೊಬ್ಬರೇ ಹೊರಗೆ ಬಂದರು.

ಗಂಗಾವತಿ ಕೊರೆಯುವಾಗ
ಸೊನ್ನೆಯ ಹತ್ತಿರ ಕೈ ಹಿಡಿದು ನಿಲ್ಲಿಸುತ್ತಿದ್ದ.
"ಸುತ್ತ ಕೊರದಿ ಅಂದ್ರ ಹೊಟ್ಟಿ ಉದುರತೈತಿ.
ಹೊಳಿಯಾಗಿನ ನಡುಗಡ್ಡಿ ತಾನ ನಿಲ್ತೈತಿ,
ತಗಡಿನಾಗಿಂದು ನಿಲ್ಲಂಗಿಲ್ಲ.
ಎರಡು ಕಡಿ ಎಳಿಯಷ್ಟು ಬಿಡು."
ಬಿಟ್ಟ ಆ ಎಳೆಯಲ್ಲಿ
ಅಕ್ಷರ ಸ್ವಲ್ಪ ಮುರಿದಂತೆ ಕಾಣುತ್ತದೆ.
ಓದುವವರು ತಾವೇ ಜೋಡಿಸಿಕೊಳ್ಳುತ್ತಾರೆ.

ಸುಗ್ಗಿಯ ಒಂದು ರಾತ್ರಿ ಕರೆಂಟು ಹೋಗಿತ್ತು.
ಕಂದೀಲಿನ ಬೆಳಕು, ಕಣ್ಣು ಎಳೆಯುವ ನಿದ್ದೆ.
ಎರಡೂ ಎಳೆ ಕಡಿದೆ.
ಹತ್ತು ಪೈಸೆಯಷ್ಟಗಲದ ಹೊಟ್ಟೆ
ಟಣ್ ಅಂದು ಎಲ್ಲೋ ಬಿತ್ತು.
ಹೇಳಲಿಲ್ಲ.
ಬೆಳಗ್ಗೆ ತಗಡು ಮಿಲ್ಲಿಗೆ ಹೋಯಿತು.

ಚೀಲಕ್ಕೆ ಬಣ್ಣ ಹೊಡೆಯುವ ಹುಲಿಗೆವ್ವನಿಗೆ
ಓದು ಬಾರದು. ಸಂಜೆ ಅಂಗಡಿ ಮುಂದೆ ನಿಂತು
ನೀಲಿ ಮೊಣಕೈ ಸೆರಗಿಗೆ ಒರೆಸುತ್ತ ಕೇಳಿದಳು:
"ಯಾಕಲೇ ತಮ್ಮಾ,
ಇವತ್ತಿನ ಚೀಲ ಎಲ್ಲಾ
ನನಗ ಕಣ್ಣು ಹೊಡಿಯಾಕತ್ತಾವು?"

ಅಷ್ಟೊತ್ತಿಗೆ ಎಂಟು ನೂರು ಚೀಲ
ಲಾರಿ ಹತ್ತಿ ಊರು ದಾಟಿದ್ದವು,
ಪ್ರತಿಯೊಂದರಲ್ಲೂ ಮುಚ್ಚಿದ ಒಂದು ನೀಲಿ ಕಣ್ಣು.
ಮರ್ದಾನಸಾಬ ಬಯ್ಯಲಿಲ್ಲ.
ಹೊಸ ತಗಡು ತಾನೇ ಕೊರೆದ.
ನನಗೆ ತಿಂಗಳುಗಟ್ಟಲೆ
ನವಿಲಿನ ಗರಿಯ ಚುಕ್ಕೆ ಮಾತ್ರ.

ಆಮೇಲೆ ಪ್ಲಾಸ್ಟಿಕ್ ಚೀಲ ಬಂತು,
ಹಬೆಯಾಡುವ ಅನ್ನದ ಫೋಟೋ ಸಮೇತ.
ಗುಜರಿಯವನು ತಗಡುಗಳನ್ನು ತಕ್ಕಡಿಗೆ ಹಾಕಿದ.
ಇದ್ದ ತಗಡಿಗೆ ರೊಕ್ಕ,
ತೂತಿಗೆ ಇಲ್ಲ.
ನಾವಿಬ್ಬರು ಇಷ್ಟು ವರ್ಷ ಮಾಡಿದ್ದೆಲ್ಲ
ತೂಕದಲ್ಲಿ ಕಡಿಮೆ ಬಿದ್ದದ್ದೇ.
ಮೊಸಳೆಯನ್ನು ಮಾತ್ರ ಕೊಡಲಿಲ್ಲ ಆತ.

ಹೋದ ತಿಂಗಳು ಕೊಪ್ಪಳದ ದೊಡ್ಡಾಸ್ಪತ್ರೆ.
ಒಳಗೆ ಮರ್ದಾನಸಾಬನ ಎದೆಯ ಎಕ್ಸ್‌ರೇ.
ಹೊರಗೆ ಗೋಡೆಗೆ ಒರಗಿ ಒಬ್ಬ ಮುದುಕ
ಗೋಣಿ ಹಾಸಿ ಕೂತಿದ್ದ.
ಅವನ ತೊಡೆಯ ಪಕ್ಕದಿಂದ
ಅದು ನನಗೆ ಕಣ್ಣು ಹೊಡೆಯಿತು.
ಎಷ್ಟು ಮಳೆ, ಎಷ್ಟು ಮಂದಿ ಕೂತು ಎದ್ದ ಚೀಲವೋ.
ಗ ಅಳಿಸಿತ್ತು, ವತಿ ಅಳಿಸಿತ್ತು.
ಸೊನ್ನೆ ಮಾತ್ರ ಗಟ್ಟಿ,
ಬಣ್ಣ ಹೆಚ್ಚು ಬಿದ್ದದ್ದು ಅಲ್ಲೇ ಅಲ್ಲವೇ.
ನಾನು ಬಗ್ಗಿ ನೋಡುವುದ ಕಂಡು
ಕೂಡಲು ಜಾಗ ಬೇಕೇನೋ ಅಂದುಕೊಂಡು
ಆತ ಸರಿದ.
ಕೂತೆ.

ಬಸ್ಸಿನಲ್ಲಿ ಬರುವಾಗ ಎಲ್ಲ ಹೇಳಿಬಿಟ್ಟೆ,
ಟಣ್ ಅಂದದ್ದನ್ನೂ.
ಮರ್ದಾನಸಾಬ ಎಕ್ಸ್‌ರೇ ಹಾಳೆಯನ್ನು
ಕಿಟಕಿಯ ಬಿಸಿಲಿಗೆ ಹಿಡಿದಿದ್ದ,
ಎಲ್ಲೆಲ್ಲಿ ಎಳೆ ಬಿಟ್ಟಿದ್ದಾರೆ ಅಂತ ನೋಡುವವನ ಹಾಗೆ.
"ಚೀಲ ಹರದಿತ್ತೇನು?" ಅಂದ.
ಇಲ್ಲ ಅಂದೆ.