ಹಳೆಯ ಅಂಟು

ರೀಗಾದ ಆವೋತು ಬೀದಿಯಲ್ಲಿ
ನೆಲಮಾಳಿಗೆಯ ನನ್ನ ಅಂಗಡಿಗೆ
ಏಳು ಮೆಟ್ಟಿಲು ಇಳಿದು ಬರಬೇಕು.
ಒಡೆದದ್ದನ್ನು ಹಿಡಿದವರು ಮೆಲ್ಲಗೆ ಇಳಿಯುತ್ತಾರೆ,
ಒಡೆಯುವುದು ಇನ್ನೂ ಏನೋ ಬಾಕಿಯಿದೆ ಎಂಬಂತೆ.

ಇಲ್ಗ್ವಾರ್ಸ್ ಬಂದದ್ದು ಫೆಬ್ರವರಿಯ ಒಂದು ಸೋಮವಾರ.
ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದ ಕೈ,
ಕಂಕುಳಲ್ಲಿ ಬೂಟಿನ ಡಬ್ಬ,
ಡಬ್ಬದಲ್ಲಿ ಉಣ್ಣೆಯ ಕಾಲುಚೀಲ, ಕಾಲುಚೀಲದಲ್ಲಿ
ಹಾಲಿನ ಜಗ್ಗು, ನಾಲ್ಕು ತುಂಡು;
ಜೊತೆಗೆ ಅಂಚು ಮುಕ್ಕಾದ ಗಾಜಿನ ಲೋಟ.
"ಬೆಕ್ಕು," ಅಂದ.
ಎಲ್ಲರೂ ಬೆಕ್ಕು ಅನ್ನುತ್ತಾರೆ.

ಲೋಟದ ಬಗ್ಗೆ ಮೊದಲೇ ಹೇಳಿಬಿಟ್ಟೆ:
ಗಾಜಿಗೆ ಮುಚ್ಚಿಡಲು ಬರುವುದಿಲ್ಲ.
ಮುಕ್ಕಿನ ಆಳಕ್ಕೆ ಇಡೀ ಅಂಚನ್ನೇ ಉಜ್ಜಿ ಇಳಿಸಬೇಕು,
ಲೋಟ ಅರ್ಧ ಬೆರಳು ಕುಳ್ಳಾಗುತ್ತದೆ.
"ಆಗಲಿ ಬಿಡು, ನಾನೂ ಆಗಿದ್ದೇನೆ."

ಜಗ್ಗಿನ ಮಾತು ಬೇರೆ.
ಅದು ಒಡೆದದ್ದು ಇದು ಎರಡನೇ ಸಲ.
ಹಿಡಿಯ ಬುಡದಲ್ಲಿ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದ ಅಂಟು,
ದಪ್ಪಗೆ, ಗೆರೆ ಮೀರಿ,
ಕತ್ತಲಲ್ಲಿ ತಡಕಾಡಿ ಬಳಿದ ಹಾಗೆ.

"ವೆಲ್ಟಾ ಅಂಟಿಸಿದ್ದು. ಎಪ್ಪತ್ತೊಂಬತ್ತರ ಚಳಿಗಾಲ.
ಕುಡಿದು ಬಂದು ಗೋಡೆಗೆ ಎಸೆದಿದ್ದೆ.
ಬೆಳಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ
ಹಾಲು ತುಂಬಿಕೊಂಡು ನಿಂತಿದೆ.
ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಮತ್ತೆ ಕುಡಿಯಲಿಲ್ಲ." ತುಸು ತಡೆದು,
"ಅಷ್ಟಾಗಿ ಕುಡಿಯಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಮುತ್ತು ನನ್ನ ಕಸುಬಲ್ಲ.
ಪಿಂಗಾಣಿಯನ್ನು ಕೂಡಿಸಬಹುದು, ಆದರೆ
ಹಿಂದೆ ಯಾರೋ ಕೂಡಿಸಿದ್ದನ್ನು ಮೊದಲು ಬಿಡಿಸಬೇಕು.
ಮನೆಯವರು ಅಕ್ಕರೆಯಿಂದ ಮೆತ್ತಿದ ಅಂಟಿನಷ್ಟು
ಹಟಮಾರಿ ಇನ್ನೊಂದಿಲ್ಲ.
ಅದು ಸುಲಭವಾಗಿ ಬಿಡುವುದಿಲ್ಲ,
ಬಿಟ್ಟಾಗ ಹೊಳಪನ್ನೂ ಕಿತ್ತುಕೊಂಡು ಬರುತ್ತದೆ.

ಮೂರು ದಿನ ಬೆಚ್ಚನೆ ನೀರಲ್ಲಿ ನೆನೆಸಿದೆ.
ನಾಲ್ಕನೆಯ ದಿನ ದೀಪದಡಿ, ಚಿಮುಟದ ತುದಿಯಲ್ಲಿ
ಅಂಟಿನ ಪೊರೆಯೊಳಗಿಂದ ಎದ್ದು ಬಂತು
ಒಂದು ಕೂದಲು.
ಗೇಣುದ್ದ. ತೊಳೆದು ಚರಂಡಿಗೆ ಬಿಡುವುದು ವಾಡಿಕೆ.
ಯಾಕೋ ಒಂದು ಲಕೋಟೆಗೆ ಹಾಕಿಟ್ಟೆ.

ಮಾರ್ಚಿನಲ್ಲಿ ಬಂದ. ಜಗ್ಗನ್ನು ತಿರುಗಿಸಿದ, ಮತ್ತೆ ತಿರುಗಿಸಿದ,
ಹೆಬ್ಬೆರಳಿನಿಂದ ಹಿಡಿಯ ಬುಡ ತಡವಿದ.
"ಎಲ್ಲಿ ಒಡೆದಿತ್ತು?"
ಇಂಥ ಪ್ರಶ್ನೆಗೇ ನಾನು ದುಡ್ಡು ತೆಗೆದುಕೊಳ್ಳುವುದು.
ಆದರೆ ಅವನ ಮುಖ
ಮನೆಯ ಬಾಗಿಲೇ ಮರೆತವನ ಹಾಗಿತ್ತು.

ಲಕೋಟೆ ಕೊಟ್ಟೆ.
ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು.
"ಇದು ಬಿಳಿ," ಅಂದ.
"ವೆಲ್ಟಾಳಿಗೆ ಆಗ ಇಪ್ಪತ್ತಾರು. ಕಾಡಿಗೆಗಪ್ಪು ಕೂದಲು."
ಆಮೇಲೆ ಮೆಲ್ಲಗೆ ಕುರ್ಚಿಯಲ್ಲಿ ಕೂತ.
"ಅತ್ತೆ."

ಹನ್ನೊಂದು ವರ್ಷ ಒಂದೇ ಮನೆ, ಒಂದೇ ಒಲೆ.
ಒಮ್ಮೆಯೂ ಅವನ ಹೆಸರು ಹಿಡಿದು ಕರೆದವಳಲ್ಲ.
ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ,
"ಉಪ್ಪು ಬೇಕಾ ಕೇಳು ಅವನನ್ನು."
ಕಣ್ಣಲ್ಲಿ ಪೊರೆ ಬಂದು ಸೂಜಿಗೆ ದಾರವನ್ನೂ ಪೋಣಿಸಲಾರದವಳು.

"ವೆಲ್ಟಾಗೆ ಗೊತ್ತಿತ್ತಾ?" ಅಂತ ಕೇಳಿದ,
ನನ್ನನ್ನೋ, ಜಗ್ಗನ್ನೋ.
ವೆಲ್ಟಾ ಹೋಗಿ ಆರು ವರ್ಷ; ಅತ್ತೆಯ ಮಣ್ಣಿನ ಮೇಲೆ
ಬರ್ಚ್ ಮರವೇ ಬೆಳೆದಿರಬೇಕು.
ಬಣ್ಣ ಒಣಗಿರದ ಕುಂಚವೊಂದನ್ನು ಎತ್ತಿ
ನಾನು ಮತ್ತೊಮ್ಮೆ ತೊಳೆದೆ.

ತೊಂಬತ್ತೈದು ಯೂರೋ. ಎಣಿಸಿ ಕೊಟ್ಟ.
ಕುಳ್ಳಾದ ಲೋಟ ಕೋಟಿನ ಜೇಬಿಗೆ,
ಲಕೋಟೆ ಮಡಚಿ ಜಗ್ಗಿನೊಳಗೆ,
ಜಗ್ಗು ಕೋಟಿನೊಳಗೆ, ಎದೆಗೆ.
ಏಳು ಮೆಟ್ಟಿಲು ಹತ್ತಿದ.

ಹೊರಗೆ ರಾತ್ರಿಯ ಕೆಸರು ಮತ್ತೆ ಹೆಪ್ಪುಗಟ್ಟಿತ್ತು.
ನನ್ನ ಕಿಟಕಿಯಿಂದ ಕಾಣುವುದು ಜನರ ಕಾಲು ಮಾತ್ರ.
ಅವನ ಬೂಟು ಒಂದೊಂದೇ ಹೆಜ್ಜೆ
ಮಂಜುಗಡ್ಡೆಯನ್ನು ಕೇಳಿ ಕೇಳಿ ಇಡುತ್ತಿತ್ತು.
ರಸೀದಿಯಲ್ಲಿ ಬರೆದಿದ್ದೇನೆ:
ಬಿದ್ದರೆ ನಾನು ಹೊಣೆಯಲ್ಲ.
ಆದರೂ ಮೂಲೆ ತಿರುಗುವವರೆಗೆ
ಉಸಿರು ಬಿಡಲಿಲ್ಲ.