ಮೂರು ಲಕ್ಷ ಇಪ್ಪತ್ತು

ಭಿಶಿ ಎತ್ತಿದ ದುಡ್ಡು, ದೀಪಾವಳಿ ಬೋನಸ್ಸು,
ಸ್ಕೂಟರು ಮಾರಿ ಬಂದ ಹದಿನೆಂಟು ಸಾವಿರ,
ಎಲ್ಲ ಕೂಡಿದರೆ ಮೂರು ಲಕ್ಷ ಇಪ್ಪತ್ತು.
ಇಷ್ಟರಲ್ಲಿ ಬರುವ ಕಾರುಗಳ ಪಟ್ಟಿಯನ್ನು
ನನ್ನವರು ಮಾಡಿಕೊಟ್ಟಿದ್ದರು, ಹಾಳೆಯ ಎರಡೂ ಬದಿ:
ಎತ್ತರದ್ದು, ಬಿಳಿಯದ್ದು, ಲೀಟರಿಗೆ ಇಪ್ಪತ್ತೆರಡು ಕೊಡುವುದು,
ಅತ್ತೆಯ ಮೊಣಕಾಲಿಗೆ ಒಗ್ಗುವುದು.
ಮಡಿಚಿ ಪರ್ಸಿನಲ್ಲಿಟ್ಟೆ.
ನನಗೆ ಬೇಕಾದ್ದು ಓಡುವುದಕ್ಕೆ ಖುಷಿಪಡುವ ಗಾಡಿ.
ಇದನ್ನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ
ಯಾರಿಗೆ, ಹೇಗೆ ಹೇಳುವುದು?
ಮೌಲಾಲಿಗೆ ಹೇಳಿದೆ.

ಅಕ್ಕಲಕೋಟೆಯವ; ಭೋಸರಿಯಲ್ಲಿ ನಮ್ಮ ಶಾಪಿನ ಹಿಂದೆ ಗ್ಯಾರೇಜು.
ನಗಲಿಲ್ಲ. ಅಂಗೈಯ ಗ್ರೀಸು ಒರೆಸಿಕೊಂಡು
"ಆದಿತ್ಯವಾರ ಹೋಗೂಣು," ಅಂದ, "ಚಾ ನಿಮ್ಮದು."

ವಾಕಡ್‌ನಲ್ಲಿ ಮೊದಲನೆಯದು.
ಮೀಟರಿನಲ್ಲಿ ಮೂವತ್ತೆಂಟು ಸಾವಿರ,
ಏಜೆಂಟನ ಬಾಯಲ್ಲಿ "ಡಾಕ್ಟರೊಬ್ಬರೇ ಓಡಿಸಿದ್ದು."
ಮೌಲಾಲಿ ಬಗ್ಗಿ ಕ್ಲಚ್ಚಿನ ಪೆಡಲು ತೋರಿಸಿದ:
ರಬ್ಬರು ಸವೆದು ಬೋಳು.
"ಈ ಡಾಕ್ಟರು ಭಾಳ ಮನಿ ತಿರಗ್ಯಾರ."

ಸಿಂಹಗಡ ರಸ್ತೆಯಲ್ಲಿ ಎರಡನೆಯದು, ನೀಲಿ.
ಹೊಳಪೆಂದರೆ ಹೊಳಪು, ನನ್ನ ಕಣ್ಣಂಚಿನ ನೆರಿಗೆಯೂ ಕಂಡಿತು.
ಕೂತವಳು ಆಗಲೇ ಊರು ದಾಟಿದ್ದೆ.
"ಬೆಲ್ಟು ಎಳೀರಿ," ಅಂದ. ಎಳೆದೆ.
"ಪೂರ್ತಿ ಎಳೀರಿ, ಅಕ್ಕಾರ."
ಕೊನೆಯ ಗೇಣಿನಲ್ಲಿ ಒಂದು ಕಂದು ಗೆರೆ,
ಮುಠಾ ನದಿ ಒಮ್ಮೆ ಇಲ್ಲಿತನಕ ಬಂದು
ಕೂತು ಎದ್ದುಹೋದ ಗುರುತು.
ಬೆಲ್ಟು ತಾನಾಗಿ ಒಳಗೆ ಸರಿಯಲಿಲ್ಲ.
ಕೈಯಾರೆ ತಳ್ಳಿ ಮುಚ್ಚಿ ಬಂದೆವು.

ಬಿಬವೇವಾಡಿಯ ಗಲ್ಲಿಯಲ್ಲಿ, ಗುಲ್‌ಮೊಹರಿನ ಕಸದಡಿ
ಕೆಂಪು ಪುಂಟೊ.
"ಕಂಪನಿ ಅಂಗಡಿ ಮುಚ್ಚಿ ಹೋಗೇದ," ಮೌಲಾಲಿ ಪಿಸುಗುಟ್ಟಿದ,
"ಸಾಮಾನು ಹುಡುಕೂದ್ರಾಗ ಜೀವ ಹೋಗ್ತದ."
ಹೇಳುತ್ತ ಬಾನೆಟ್ಟಿನ ಮೇಲೆ ಕೈಯಾಡಿಸುತ್ತಲೇ ಇದ್ದ.

ಒಡತಿ ಶಾಲ್ಮಲಿ, ಏಳು ತಿಂಗಳ ಬಸುರಿ.
ಹೊಟ್ಟೆಗೂ ಸ್ಟೇರಿಂಗಿಗೂ ನಡುವೆ ಈಗ ಜಾಗವಿಲ್ಲ.
ಹುಳುಕನ್ನೆಲ್ಲ ತಾನೇ ಹೇಳಿದಳು, ಮರಾಠಿಯಲ್ಲಿ:
ಚಳಿಗೆ ಎರಡನೆಯ ಗೇರು ಗೊಣಗುತ್ತದೆ.
ಉಬ್ಬು ಬಂದರೆ ಓರೆಯಾಗಿ ಹತ್ತಿಸಿ, ತಳ ಉಜ್ಜುತ್ತದೆ.
ಎ.ಸಿ. ಮೇ ತಿಂಗಳಲ್ಲಿ ದೇವರ ಇಚ್ಛೆ.
ಲೀಟರಿಗೆ ಹನ್ನೊಂದು; ಮನಸ್ಸು ಕಲ್ಲು ಮಾಡಿಕೊಂಡರೆ ಹನ್ನೆರಡು.

ಕಾತ್ರಜದ ಹಳೆಯ ಘಾಟಿಗೆ ಹೋದೆವು. ಓಡಿಸಿದವಳು ನಾನು.
ಅವಳು ಪಕ್ಕದಲ್ಲಿ, ಎರಡೂ ಕೈ ಹೊಟ್ಟೆಯ ಮೇಲೆ.
"ಈಗ ಮೂರನೆಯದು. ಕಾಲು ತೆಗೆಯಬೇಡಿ."
"ಮುಂದೆ ತಿರುವು!"
"ಗೊತ್ತು. ತೆಗೆಯಬೇಡಿ."
ಗೇರು ಅಳೆಯುವುದು ನನ್ನ ಕೆಲಸ; ಹತ್ತೊಂಬತ್ತು ವರ್ಷ
ಹಲ್ಲಿಗೆ ಹಲ್ಲು ಕೂರುವುದನ್ನು ಮೈಕ್ರಾನಿನಲ್ಲಿ ನೋಡಿದವಳು.
ಕೂತ ಮೇಲೆ ಅವು ಎಲ್ಲಿಗೆ ಹೋಗುತ್ತವೆಂದು
ಯಾರೂ ತೋರಿಸಿರಲಿಲ್ಲ.
ಹಿಂದಿನ ಸೀಟಿನಲ್ಲಿ ಮೌಲಾಲಿ ಮೆಲ್ಲಗೆ ಅಲ್ಲಾನ ನೆನೆದ.

ಇಳಿದು ಬಂದು ವ್ಯಾಪಾರ. ಅವಳದು ಮೂರು ಅರವತ್ತು.
ಮೌಲಾಲಿ ಟೈಮಿಂಗ್ ಬೆಲ್ಟು ತೆಗೆದ, ಟಯರಿನ ಇಸವಿ ಓದಿದ,
ಮುಚ್ಚಿದ ಕಂಪನಿಗೆ ಇನ್ನೊಮ್ಮೆ ಬೀಗ ಹಾಕಿದ.
ಇನ್ನೂ ಹಾಕುತ್ತಿರುವಾಗಲೇ ನಾನು
ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.
ಅವನು ಹಣೆ ಬಡಿದುಕೊಂಡ.
ಅವಳು ಸುಮಾರು ಹೊತ್ತು ಕಾರನ್ನೇ ನೋಡಿ,
"ಆಗಲಿ. ಗೇರಿನ ಗುಬುಟು ಮಾತ್ರ ನನಗಿರಲಿ," ಅಂದಳು;
ಅಲ್ಲೇ ತಿರುಗಿಸಿ ತಿರುಗಿಸಿ ಬಿಚ್ಚಿ
ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡಳು.

ಭೋಸರಿಯ ತನಕ ಬರೀ ಸಲಾಕೆ ಹಿಡಿದು ಗೇರು ಹಾಕಿದೆ.
ದಾರಿಯುದ್ದಕ್ಕೂ ಬೈಗುಳ: "ಇನ್ನ ಹತ್ತು ಮಿನಿಟು
ಬಾಯಿ ಮುಚ್ಕೊಂಡಿದ್ರ ಮೂರಕ್ಕ ಬರತಿತ್ತು!"
ನಾಶಿಕ ಫಾಟಾದಲ್ಲಿ ಸಿಗ್ನಲ್ಲು ಹಸಿರಾದಾಗ
ಬೈಯುವುದು ನಿಲ್ಲಿಸಿ,
"ಜರಾ ಒತ್ತರಿ," ಅಂದ.

ಅಂಗೈಯಲ್ಲಿ ಥ್ರೆಡ್ಡಿನ ಅಚ್ಚು ಮೂಡಿದೆ.
ಹನ್ನೆರಡು ಎಂ.ಎಂ., ಪಿಚ್ಚು ಒಂದೂಕಾಲು;
ಗೇಜು ಬೇಕಾಗಲಿಲ್ಲ.
ನಾಳೆ ಊಟದ ಬಿಡುವಿನಲ್ಲಿ ಹಿತ್ತಾಳೆಯ ತುಂಡೊಂದನ್ನು
ಲೇತಿಗೆ ಕಟ್ಟಬೇಕು.
ಬಾಗಿಲಿಗೆ ಬಂದ ಅತ್ತೆ ಸೊಂಟಕ್ಕೆ ಕೈಯಿಟ್ಟು ಬಗ್ಗಿ ನೋಡಿ,
"ಇದಕ್ಕೆ ಹತ್ತುವುದೋ, ಇಳಿಯುವುದೋ?" ಕೇಳಿದರು.